ಹುಲಿಗೆಮ್ಮನ ಹರಕೆ, ಮೂರು ಸೀಮೆಯ ಕಾನೂನು

ಹುಣ್ಣಿಮೆ ಹತ್ತಿರ ಬಂತೆಂದರೆ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಕಡೆಯ ಊರುಗಳಲ್ಲಿ ಹುಲಿಗಿಗೆ ಹೊರಡುವ ಮಾತು ಕೇಳಿಬರುತ್ತದೆ. ಕುರ್ಡಿಯಂಥ ಹಳ್ಳಿಗಳಿಂದ ಹೊರಟವರು ಸಿಂಧನೂರು, ಗಂಗಾವತಿ ದಾಟಿ ತುಂಗಭದ್ರೆಯ ದಂಡೆ ಸೇರುತ್ತಾರೆ. ಹೊಳೆಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿ, ‘ಉಧೋ ಉಧೋ’ ಎನ್ನುತ್ತ ಹುಲಿಗೆಮ್ಮನ ಗುಡಿಯತ್ತ ನಡೆಯುತ್ತಾರೆ. ಮಂಗಳವಾರ, ಶುಕ್ರವಾರಗಳಂದೂ ಇಲ್ಲಿ ಜನವೋ ಜನ.

ಹುಲಿಗಿ ಈಗ ಕೊಪ್ಪಳ ಜಿಲ್ಲೆಯಲ್ಲಿದೆ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ರಾಯಚೂರಿಗೇ ಸೇರಿತ್ತು. ಈ ಕ್ಷೇತ್ರದ ಮೂಲದ ಬಗ್ಗೆ ಭಕ್ತರು ಹೇಳುವ ಕಥೆಯೊಂದಿದೆ. ನಾಗಜೋಗ, ಬಸವಜೋಗ ಎಂಬಿಬ್ಬರು ಪ್ರತಿ ಹುಣ್ಣಿಮೆಗೆ ದೂರದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದರಂತೆ. ಒಮ್ಮೆ ಮಳೆ, ಹೊಳೆ ಅಡ್ಡಬಂದಾಗ ಅವರ ಕಷ್ಟ ಕಂಡ ದೇವಿ ತಾನೇ ಅವರ ಊರಿಗೆ ಬರುವೆನೆಂದು ಮಾತು ಕೊಟ್ಟಳಂತೆ. ಹೀಗೆ ಎರಡು ಕ್ಷೇತ್ರಗಳೂ ಒಂದೇ ಭಕ್ತಿಯ ದಾರಿಯಲ್ಲಿವೆ.

ಆದರೆ ಈ ದಾರಿಗೆ ಕಪ್ಪು ನೆರಳೂ ಇತ್ತು. ಮನೆಯಲ್ಲಿ ಕಾಯಿಲೆ ವಾಸಿಯಾಗಲಿಲ್ಲ, ಗಂಡು ಸಂತಾನವಾಗಲಿಲ್ಲ, ಮಗಳ ತಲೆಯಲ್ಲಿ ಜಡೆಗಟ್ಟಿತು ಎಂಬ ಕಾರಣಗಳಿಗೆ ಎಳೆಯ ಹೆಣ್ಣುಮಕ್ಕಳಿಗೆ ‘ಮುತ್ತು ಕಟ್ಟಿ’ ದೇವಿಗೆ ಬಿಡುವ ಪದ್ಧತಿ ಈ ಭಾಗದಲ್ಲಿ ಬೇರೂರಿತ್ತು. ಹಾಗೆ ಬಿಟ್ಟವರಲ್ಲಿ ಹೆಚ್ಚಿನವರು ಬಡ ದಲಿತ ಕುಟುಂಬದವರು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ.

ಇದನ್ನು ತಡೆಯುವ ಕಾನೂನು ಎಲ್ಲ ಕಡೆಗೂ ಒಂದೇ ಕಾಲಕ್ಕೆ ಬರಲಿಲ್ಲ. ಸವದತ್ತಿ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1934ರಲ್ಲೇ ದೇವದಾಸಿ ರಕ್ಷಣಾ ಕಾಯ್ದೆ ಬಂತು. ತುಂಗಭದ್ರೆಯ ಆಚೆ ದಡದ ಹೊಸಪೇಟೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮದರಾಸಿನ ಕಾಯ್ದೆ 1947ರದು. ಈಚೆ ದಡದ ಹುಲಿಗಿ, ಕೊಪ್ಪಳ, ಮಾನ್ವಿಗಳೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದವು. ಆ ಎರಡು ಕಾಯ್ದೆಗಳೂ ಇವಕ್ಕೆ ಅನ್ವಯಿಸಲಿಲ್ಲ. ದೇವಿ ಹೊಳೆ ದಾಟಿ ಬಂದಳೆಂದು ನಂಬಿದ ನಾಡಿನಲ್ಲಿ ಕಾನೂನು ಮಾತ್ರ ಹೊಳೆ ದಾಟಲಿಲ್ಲ!

1956ರಲ್ಲಿ ಈ ಮೂರೂ ಭಾಗಗಳು ಒಂದೇ ರಾಜ್ಯದಡಿ ಬಂದವು. ಆದರೂ ಎಲ್ಲಕ್ಕೂ ಅನ್ವಯಿಸುವ ಕಾಯ್ದೆಯನ್ನು ರಾಜ್ಯ ರೂಪಿಸಿದ್ದು 1982ರಲ್ಲಿ. ಮುತ್ತು ಕಟ್ಟಿಸುವವರಿಗೆ ಮೂರು ವರ್ಷದವರೆಗೆ ಸಜೆ, ತಂದೆ ತಾಯಿಯೇ ಮಾಡಿಸಿದರೆ ಐದು ವರ್ಷದವರೆಗೆ ಸಜೆ ಎಂದು ಅದು ವಿಧಿಸಿತು. ದೇವದಾಸಿಯಾದವಳು ಮದುವೆಯಾದರೆ ಆ ಮದುವೆ ಸಿಂಧುವೆಂದೂ ಸಾರಿತು. ಕಾಗದದ ಮೇಲಿನ ಕಾಯ್ದೆ ಮನೆಗಳೊಳಗೆ ತಲುಪಲು ಮತ್ತೂ ಕಾಲ ಹಿಡಿಯಿತು. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು.

ಕಾಯ್ದೆ ಜಾತ್ರೆಯನ್ನು ನಿಲ್ಲಿಸಲಿಲ್ಲ, ಹರಕೆಯನ್ನೂ ಬೇಡವೆನ್ನಲಿಲ್ಲ. ಸೀರೆ, ಕುಪ್ಪಸ, ಹೋಳಿಗೆ, ಮುಡಿ, ಏನನ್ನಾದರೂ ತಾಯಿಗೆ ಒಪ್ಪಿಸಬಹುದು. ಒಪ್ಪಿಸಬಾರದ್ದು ಒಂದೇ, ಹೆತ್ತ ಮಗಳ ಬಾಳು. ಅಷ್ಟನ್ನು ಹೇಳಲು ಮುಂಬಯಿ ಕಾಯ್ದೆಯ ನಂತರ ಈ ದಡಕ್ಕೆ ಸುಮಾರು ಅರ್ಧ ಶತಮಾನ ಬೇಕಾಯಿತು. ಆ ಅವಧಿಯಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರಲ್ಲಿ ಬದುಕಿರುವವರು ಇಂದು ಮುದುಕಿಯರು.