ಮಾಗಿಯ ಚಳಿಯಲ್ಲಿ ಹಿತ್ತಲ ಕೋಳಿ

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೈತುಂಬ ಪುಕ್ಕವಿದ್ದು ಹೊಟ್ಟೆ ತುಂಬಿರುವ ಬೆಳೆದ ಕೋಳಿಗೆ ಕರ್ನಾಟಕದ ಚಳಿ ದೊಡ್ಡ ವಿಷಯವೇ ಅಲ್ಲ. ಬೀದರ್, ವಿಜಯಪುರದ ಕಡೆ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದರೂ ಜವಾರಿ ಹೇಂಟೆ ತಡೆದುಕೊಳ್ಳುತ್ತದೆ. ಆದರೂ ಮಾಗಿಯಲ್ಲಿ ಕೋಳಿಗಳು ಸಾಯುತ್ತವೆ. ಗೂಡಿನ ತೇವ, ಒಳಗೇ ಕಟ್ಟಿಕೊಂಡ ಕೆಟ್ಟ ಗಾಳಿ, ಹಾಕಿಸದೆ ಬಿಟ್ಟ ಲಸಿಕೆ ಇದಕ್ಕೆ ಮುಖ್ಯ ಕಾರಣ. ಚಳಿಯೇ ನೇರವಾಗಿ ಕೊಲ್ಲುವುದು ಮರಿಗಳನ್ನು.

ಗೂಡು ಒಣಗಿರಲಿ

ಚಳಿ ಶುರುವಾದ ಕೂಡಲೇ ಗೂಡಿನ ಸುತ್ತ ಪ್ಲಾಸ್ಟಿಕ್ ತಾಡಪಾಲು ಬಿಗಿದು ಒಂದು ಬಿರುಕೂ ಬಿಡದೆ ಮುಚ್ಚುವವರಿದ್ದಾರೆ. ಇದು ಚಳಿಗಿಂತ ಕೆಟ್ಟದ್ದು. ರಾತ್ರಿಯಿಡೀ ಉಸಿರಿನ ಆವಿ ಒಳಗೇ ಉಳಿಯುತ್ತದೆ, ಹಿಕ್ಕೆ ಒದ್ದೆಯಾಗಿ ಅಮೋನಿಯಾ ಏಳುತ್ತದೆ. ಕಣ್ಣು, ಶ್ವಾಸನಾಳಗಳು ಕೆರಳಿದ ಕೋಳಿಗೆ ನೆಗಡಿ, ಗೊರಗೊರ ಉಸಿರು ಬೇಗ ಅಂಟಿಕೊಳ್ಳುತ್ತವೆ. ಕೋಳಿ ಕೂರುವ ಎತ್ತರದವರೆಗೆ ಗೋಣಿತಾಟು ಕಟ್ಟಿ ಗಾಳಿ ತಡೆದರೆ ಸಾಕು. ಸೂರಿನ ಕೆಳಗೆ ನಾಲ್ಕು ಬೆರಳಷ್ಟು ಸಂದು ತೆರೆದೇ ಇರಬೇಕು, ಅದಕ್ಕೆ ಮುಂಗುಸಿ ನುಸುಳದಂತೆ ಜಾಲರಿ ಬೇಕು.

ಸರಿಯಾಗಿದೆಯೇ ಎಂದು ನೋಡಲು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಲ್ಲಿ ಕುಳಿತು ಕೋಳಿಯ ಎತ್ತರಕ್ಕೆ ಮೂಗು ತನ್ನಿ. ಕಣ್ಣು ಉರಿದರೆ ಹಾಸು ಕೆಟ್ಟಿದೆ ಎಂದರ್ಥ. ಭತ್ತದ ಹೊಟ್ಟಿನ ಹಾಸನ್ನು ಆಗಾಗ ಕೆದಕಿ, ಗಟ್ಟಿಕಟ್ಟಿದ ಒದ್ದೆ ಭಾಗ ತೆಗೆದು ಹೊಸ ಹೊಟ್ಟು ಹರಡಬೇಕು. ಕೂರಲು ಹಾಕುವ ಅಡ್ಡ ಗಳ ತೀರಾ ತೆಳ್ಳಗಿರಬಾರದು. ಎರಡು ಇಂಚು ಅಗಲವಿದ್ದರೆ ಕೋಳಿ ಅದರ ಮೇಲೆ ಪಾದ ಊರಿ, ಎದೆಯ ಪುಕ್ಕದಿಂದ ಅದನ್ನು ಮುಚ್ಚಿಕೊಂಡು ಮಲಗುತ್ತದೆ.

ಮರಿಗಳ ಕಾವು

ತಾಯಿ ಜೊತೆಗಿದ್ದರೆ ಅರ್ಧ ಚಿಂತೆ ಅದೇ ನೋಡಿಕೊಳ್ಳುತ್ತದೆ. ಕಷ್ಟ ಬರುವುದು ಗಿರಿರಾಜದಂಥ ಸುಧಾರಿತ ತಳಿಯ ಮರಿ ತಂದಾಗ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಈ ತಳಿಯ ಮರಿಗಳು ಯಂತ್ರದಲ್ಲಿ ಒಡೆದು ಬಂದವು, ರೆಕ್ಕೆಯಡಿ ಸೇರಿಸಿಕೊಳ್ಳುವ ತಾಯಿ ಅವಕ್ಕಿರುವುದಿಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಚಳಿಗಾಲದಲ್ಲಿ ಮರಿಯೊಂದಕ್ಕೆ ಎರಡು ವ್ಯಾಟ್ ಲೆಕ್ಕ. 50 ಮರಿಗೆ 100 ವ್ಯಾಟಿನ ಒಂದು ಹಳೇ ಮಾದರಿಯ ತಂತಿ ಬಲ್ಬು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಶಾಖ ಕೊಡುವುದಿಲ್ಲ. ಅದನ್ನು ತೂಗುಹಾಕಿ ನೆಮ್ಮದಿಯಿಂದ ಮಲಗುವವರು ಬೆಳಿಗ್ಗೆ ಬೆಲೆ ತೆರುತ್ತಾರೆ.

ಉಷ್ಣಮಾಪಕಕ್ಕಿಂತ ಮರಿಗಳನ್ನು ನಂಬಿ. ಬಲ್ಬಿನಡಿ ಒಂದರ ಮೇಲೊಂದು ಹತ್ತಿ ಕೀಚುತ್ತಿದ್ದರೆ ಚಳಿ. ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ. ದೂರ ಸರಿದು ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಕರೆಂಟು ಹೋಯಿತೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಕುಂಪಟೆ ಇಡುವುದು ಅಪಾಯ. ವಿಷಗಾಳಿಗೆ ಮರಿಗಳಷ್ಟೇ ಅಲ್ಲ, ಕಾಯಲು ಕುಳಿತವರೂ ಬಲಿಯಾಗಬಹುದು.

ಮೇವು, ನೀರು, ಮೊಟ್ಟೆ

ಇದು ಸುಗ್ಗಿಯ ಕಾಲ. ಕಣದಲ್ಲಿ ಚೆಲ್ಲಿದ ರಾಗಿ, ಭತ್ತ ಹೇರಳ. ಕಡಿಮೆಯಾಗುವುದು ಹುಳುಹುಪ್ಪಟೆ: ನೆಲ ಒಣಗಿದಂತೆ ಎರೆಹುಳು ಆಳಕ್ಕಿಳಿಯುತ್ತವೆ, ಕೋಳಿಯ ಮೇವಿನಲ್ಲಿ ಪ್ರೋಟೀನ್ ಇಳಿಯುತ್ತದೆ. ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಗೆದ್ದಲಿರುವಲ್ಲಿ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಒಳ್ಳೆಯ ಮೇವು ಸಿಗುತ್ತದೆ. ಸಂಜೆ ಗೂಡಿಗೆ ಸೇರುವ ಮುನ್ನ ಒಡೆದ ಮೆಕ್ಕೆಜೋಳ ಕೊಡಿ, ಅದು ಜೀರ್ಣವಾಗುತ್ತ ರಾತ್ರಿ ಮೈ ಬೆಚ್ಚಗಿಡುತ್ತದೆ. ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿ ಮಾತ್ರ ಬೇಡವೇ ಬೇಡ. ನೀರು ತಣ್ಣಗೆ ಕೊರೆಯುತ್ತಿದ್ದರೆ ಕೋಳಿ ಕಡಿಮೆ ಕುಡಿಯುತ್ತದೆ, ಮೊಟ್ಟೆಯೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಡಿ.

ಮೊಟ್ಟೆ ನಿಲ್ಲಲು ಇನ್ನೊಂದು ಕಾರಣ ಬೆಳಕು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು 11ರಿಂದ ಹನ್ನೊಂದೂವರೆ ಗಂಟೆ. ಚೆನ್ನಾಗಿ ಮೊಟ್ಟೆಯಿಡಲು 14ರಿಂದ 16 ಗಂಟೆ ಬೆಳಕು ಬೇಕು. ಮಾರಾಟಕ್ಕೆ ಸಾಕಿದವರು ಗೂಡಿನಲ್ಲಿ ದೀಪ ಹಾಕಿ ಆ ಕೊರತೆ ತುಂಬಬಹುದು. ಮನೆಮಟ್ಟಿಗೆ ಐದಾರು ನಾಟಿ ಕೋಳಿ ಇಟ್ಟವರು ಅವನ್ನು ಅವುಗಳ ಪಾಡಿಗೆ ಬಿಡುವುದೇ ಒಳ್ಳೆಯದು.

ಹೊರಗೆ ಬಿಡುವ ಹೊತ್ತು

ಇಬ್ಬನಿ ಆರಿದ ಮೇಲೆ ಬಿಡಬೇಕು. ಒದ್ದೆ ನೆಲದಲ್ಲಿ ಮರಿಗಳು ನೆನೆದರೆ ಚಳಿ ಹಿಡಿಯುತ್ತದೆ, ರಕ್ತಭೇದಿ ತರುವ ಪರೋಪಜೀವಿಗೂ ತೇವವೇ ಅನುಕೂಲ. ಸಂಜೆ ಆರಕ್ಕೆಲ್ಲ ಕತ್ತಲಾಗುವುದರಿಂದ ಅಷ್ಟರೊಳಗೆ ಎಣಿಸಿ ಗೂಡು ಮುಚ್ಚಬೇಕು.

ಲಸಿಕೆ

ಉತ್ತರಾಖಂಡದ ಊರೊಂದರ ಹೆಸರು ಹೊತ್ತ ರಾಣಿಖೇತ್, ನಮ್ಮವರ ಬಾಯಲ್ಲಿ ಕೊಕ್ಕರೆ ರೋಗ, ಬಂದರೆ ಹಟ್ಟಿಯ ಕೋಳಿಗಳೆಲ್ಲ ಖಾಲಿ. ಹಸಿರು ಬಿಳಿ ಭೇದಿ, ಜೋತ ರೆಕ್ಕೆ, ತಿರುಚಿದ ಕತ್ತು ಇದರ ಗುರುತು. ಚಿಕಿತ್ಸೆ ಇಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ನಾಲ್ಕನೇ ವಾರ ಮತ್ತೊಂದು, ಎಂಟನೇ ವಾರದ ಹೊತ್ತಿಗೆ ರೆಕ್ಕೆಯಡಿ ಆರ್2ಬಿ ಚುಚ್ಚುಮದ್ದು. ರೋಗ ಕಾಣಿಸಿದ ಕೋಳಿಗೆ ಹಾಕಿ ಪ್ರಯೋಜನವಿಲ್ಲ. ಲಸಿಕೆಯ ಸೀಸೆ ಒಂದೆರಡು ಕೋಳಿಯ ಲೆಕ್ಕದಲ್ಲಿ ಬರುವುದಿಲ್ಲ, ಹೆಚ್ಚಾಗಿ ನೂರು ಕೋಳಿಗೆ ಸಾಲುವಷ್ಟಿರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಅಕ್ಕಪಕ್ಕದ ಮನೆಯವರೆಲ್ಲ ಮಾತಾಡಿಕೊಂಡು, ಚಳಿ ಬಲಿಯುವ ಮೊದಲೇ ಪಶು ಆಸ್ಪತ್ರೆಯವರನ್ನು ಕೇಳಿ ಒಂದೇ ದಿನ ಕೇರಿಯ ಕೋಳಿಗಳಿಗೆಲ್ಲ ಹಾಕಿಸಿ.