ಹೇಳುವ ಯಂತ್ರ, ಕೇಳುವ ಯಂತ್ರ

ಮಲ್ಟಿಮೀಡಿಯಾ ಎಂಬ ಹೆಸರು ಶಾಲೆಗಳಲ್ಲಿ ಬಳಕೆಗೆ ಬಂದದ್ದು ಸಿಡಿ ಕಾಲದಲ್ಲಿ. ಯಂತ್ರದ ಬಾಯಿಂದ ಇಂಗ್ಲಿಷ್ ಹೇಳಿಸಬೇಕೆಂಬ ಆಸೆ ಅದಕ್ಕಿಂತ ಬಹಳ ಹಳೆಯದು. 1901ರಲ್ಲಿ ಜಾಕ್ ರೋಸ್ಟನ್ ಲಂಡನ್ನಿನಲ್ಲಿ ಲಿಂಗ್ವಾಫೋನ್ ಸಂಸ್ಥೆ ಶುರುಮಾಡಿದಾಗ ಪಾಠದ ದನಿ ಇದ್ದದ್ದು ಮೇಣದ ಸಿಲಿಂಡರಿನ ಮೇಲೆ. ಆಮೇಲೆ ಅದು ಗ್ರಾಮಫೋನ್ ತಟ್ಟೆಗೆ ಬಂತು. ಜೊತೆಗೊಂದು ಪುಸ್ತಕ. ತಟ್ಟೆ ಹಾಕು, ಪುಸ್ತಕ ನೋಡು, ಕೇಳಿದ್ದನ್ನು ಹೇಳು. ಇಂಗ್ಲಿಷ್ ಆಡುವವರು ಯಾರೂ ಇಲ್ಲದ ಊರಿಗೆ ಲಂಡನ್ನಿನ ದನಿ ಬಂದು ಮುಟ್ಟಿದ್ದೇ ಆಗ ದೊಡ್ಡ ಸಂಗತಿ. ಆದರೆ ಕಲಿಯುವವನು ತಿರುಗಿ ಹೇಳಿದ್ದು ಸರಿಯೋ ತಪ್ಪೋ, ಅದು ತಟ್ಟೆಗೆ ಗೊತ್ತಾಗುತ್ತಿರಲಿಲ್ಲ. ಈ ಕ್ಷೇತ್ರದ ಮುಂದಿನ ಕಥೆಯನ್ನೆಲ್ಲ ಈ ಒಂದು ಕೊರತೆಯ ಬೆನ್ನು ಹಿಡಿದೇ ಓದಬಹುದು. ಹೇಳುವ ಯಂತ್ರ ಬೇಗ ಸಿಕ್ಕಿತು. ಕೇಳಿಸಿಕೊಳ್ಳುವ ಯಂತ್ರಕ್ಕೆ ನೂರು ವರ್ಷ ಕಾಯಬೇಕಾಯಿತು.

ರೇಡಿಯೊ ಬಂದಾಗಲೂ ಕೊರತೆ ಹಾಗೇ ಉಳಿಯಿತು. ಬಿಬಿಸಿ 1943ರಲ್ಲಿ ರೇಡಿಯೊ ಮೂಲಕ ಇಂಗ್ಲಿಷ್ ಪಾಠ ಆರಂಭಿಸಿತು. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಮಾಡಿದ ಪ್ರಯೋಗ ನನಗೆ ಹೆಚ್ಚು ಜಾಣತನದ್ದಾಗಿ ಕಾಣುತ್ತದೆ. ಸುಮಾರು 1500 ಪದಗಳೊಳಗೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಮಾಮೂಲಿಗಿಂತ ನಿಧಾನವಾಗಿ ಸುದ್ದಿ ಓದಿದರು. ಹೊಸ ಯಂತ್ರವೇನೂ ಇಲ್ಲ, ಬದಲಾದದ್ದು ಸುದ್ದಿ ಬರೆದು ಓದುವ ರೀತಿಯೊಂದೇ. ಕ್ರಿಕೆಟ್ ಕಾಮೆಂಟರಿ ಕೇಳಿ ಇಂಗ್ಲಿಷ್ ಕಲಿತ ನಮ್ಮ ಹಿಂದಿನ ತಲೆಮಾರಿಗೆ ಈ ಗುಟ್ಟು ಗೊತ್ತಿತ್ತು: ಮುಂದೇನು ಬರಬಹುದೆಂದು ಊಹೆ ಇದ್ದರೆ ಅರ್ಧ ಅರ್ಥವಾದ ಮಾತೂ ಪಾಠವಾಗುತ್ತದೆ.

1957ರಲ್ಲಿ ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಗಾಬರಿಗೊಂಡ ಅಮೆರಿಕ ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ಭಾಷಾ ಪ್ರಯೋಗಾಲಯಗಳಿಗೆ ಹಣ ಸುರಿಯಿತು. ಸಾಲುಸಾಲು ಗೂಡುಗಳು, ಕಿವಿಗೆ ಹೆಡ್‌ಫೋನ್, ಎದುರಿಗೆ ಟೇಪ್ ರೆಕಾರ್ಡರ್. ಒಂದೇ ವಾಕ್ಯವನ್ನು ಹತ್ತು ಸಲ ತಿರುಗಿಸಿ ಹೇಳಿದರೆ ಭಾಷೆ ಅಭ್ಯಾಸವಾಗಿ ಮೈಗೂಡುತ್ತದೆ ಎಂಬುದು ಅಂದಿನ ವರ್ತನಾವಾದಿಗಳ ನಂಬಿಕೆ. 1960ರ ದಶಕದ ಕೊನೆಗೆ ಪೆನ್ಸಿಲ್ವೇನಿಯಾದ ಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನ ಈ ನಂಬಿಕೆಗೆ ನೀರೆರಚಿತು. ಪ್ರಯೋಗಾಲಯದಲ್ಲಿ ಕಲಿತವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಮುಂದೆ ಹೋಗಿರಲಿಲ್ಲ. ಅಲ್ಲಿ ಮೂಲೆ ಸೇರಿದ ಆ ಗೂಡುಗಳೇ ದಶಕಗಳ ನಂತರ ಕಂಪ್ಯೂಟರ್ ಸಮೇತ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಂದವು. ಎಷ್ಟೋ ಕಡೆ ಅವುಗಳ ಮೇಲಿನ ಹೊದಿಕೆ ತೆಗೆಯುವುದು ತಪಾಸಣಾ ತಂಡ ಬರುವ ಹಿಂದಿನ ದಿನ.

ಟೀವಿಯ ಕಥೆಗೆ ಚೀನಾವೇ ಒಳ್ಳೆಯ ಉದಾಹರಣೆ. ಬಿಬಿಸಿ ತಯಾರಿಸಿದ್ದ ‘ಫಾಲೋ ಮಿ’ ಸರಣಿಯನ್ನು ಚೀನಾದ ಸರ್ಕಾರಿ ಟೀವಿ 1982ರಿಂದ ಪ್ರಸಾರ ಮಾಡಿತು. ಸುಧಾರಣೆಯ ಗಾಳಿ ಆಗಷ್ಟೇ ಬೀಸತೊಡಗಿತ್ತು, ಬಹುಪಾಲು ಜನ ಇಂಗ್ಲಿಷ್ ಆಡುವ ಮನುಷ್ಯನನ್ನೇ ಕಂಡಿರಲಿಲ್ಲ, ಟೀವಿಯಲ್ಲಿ ಬೇರೆ ಆಯ್ಕೆಯೂ ಹೆಚ್ಚಿರಲಿಲ್ಲ. ಕೋಟಿಗಟ್ಟಲೆ ಜನ ನೋಡಿದರು. ನಿರೂಪಕಿ ಕ್ಯಾಥಿ ಫ್ಲವರ್ ಮನೆಮಾತಾದರು. ಆದರೂ ಓದಲು ಬರೆಯಲು ಬಲ್ಲ, ಬಾಯಿಬಿಡಲಾರದ ವಿದ್ಯಾರ್ಥಿಗಳನ್ನು ಕುರಿತು ‘ಮೂಕ ಇಂಗ್ಲಿಷ್’ ಎಂಬ ಕೊರಗು ಅಲ್ಲಿ ಹೋಗಲಿಲ್ಲ. 2007ರ ಹೊತ್ತಿಗೆ ಕಾಲೇಜು ಇಂಗ್ಲಿಷಿನ ಪಠ್ಯಕ್ರಮದಲ್ಲೇ ಕಂಪ್ಯೂಟರ್ ಆಧಾರಿತ ಬೋಧನೆಗೆ ಜಾಗ ಕೊಟ್ಟರು. ಅದರ ಬೆನ್ನಿಗೇ ಹೊಸ ಟೀಕೆ ಹುಟ್ಟಿತು: ಮೇಷ್ಟ್ರು ಪಾಠ ಹೇಳುವುದು ಬಿಟ್ಟು ಸ್ಲೈಡ್ ಒತ್ತುವವರಾದರು, ಮಕ್ಕಳು ಕೇಳುವುದು ಬಿಟ್ಟು ಸ್ಲೈಡ್ ನಕಲು ಮಾಡುವವರಾದರು.

ಪರದೆ ಮೇಲಿದ್ದದ್ದನ್ನೇ ಬಾಯಲ್ಲೂ ಓದಿದರೆ ಕಲಿಕೆಗೆ ತೊಡಕು ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ. ಆದರೆ ಪರಭಾಷೆ ಕಲಿಯುವವರ ಮಟ್ಟಿಗೆ ಇದನ್ನು ಹಾಗೇ ಒಪ್ಪುವಂತಿಲ್ಲ. ಇಂಗ್ಲಿಷ್ ಸಿನಿಮಾದ ಕೆಳಗೆ ಇಂಗ್ಲಿಷಿನಲ್ಲೇ ಸಬ್‌ಟೈಟಲ್ ಇದ್ದರೆ, ಗಳಗಳನೆ ಹರಿದುಹೋಗುವ ದನಿಯಲ್ಲಿ ಪದಗಳನ್ನು ಬಿಡಿಸಿಕೊಳ್ಳಲು ಕಣ್ಣು ಕಿವಿಗೆ ನೆರವಾಗುತ್ತದೆ. ಇದು 1980ರ ದಶಕದಿಂದ ಮತ್ತೆಮತ್ತೆ ಕಂಡುಬಂದಿರುವ ಫಲಿತಾಂಶ. ಕೇಬಲ್ ಟೀವಿಯಲ್ಲಿ ಹಾಲಿವುಡ್ ಸಿನಿಮಾ ನೋಡಿ ಇಂಗ್ಲಿಷ್ ಹಿಡಿದ ನಮ್ಮ ಹುಡುಗರು ಅದನ್ನು ಯಾವ ಸಂಶೋಧನೆಯನ್ನೂ ಓದದೆ ಕಂಡುಕೊಂಡಿದ್ದರು.

ಸಾಧನವೇ ಕಲಿಸುತ್ತದೆಯೋ, ಪಾಠ ಕಟ್ಟಿದ ರೀತಿ ಕಲಿಸುತ್ತದೆಯೋ ಎಂಬ ಜಗಳವೂ ಇದೇ ಕಾಲದ್ದು. ದಿನಸಿ ತರುವ ಲಾರಿಯಿಂದ ಯಾರ ಮೈಗೂ ಪುಷ್ಟಿ ಬರುವುದಿಲ್ಲ, ಮಾಧ್ಯಮವೂ ಹಾಗೇ ಎಂದು ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದರು. ರಾಬರ್ಟ್ ಕೋಜ್ಮಾ ಅದನ್ನು ಒಪ್ಪಲಿಲ್ಲ. ನನ್ನ ಒಲವು ಕ್ಲಾರ್ಕ್ ಕಡೆಗೆ. ಕೀನ್ಯಾದ ರೇಡಿಯೊ ಪಾಠಗಳು ಅದಕ್ಕೆ ಕಾರಣ. 1980ರ ದಶಕದ ಮೊದಲಲ್ಲಿ ಅಲ್ಲಿನ ಹಳ್ಳಿಶಾಲೆಗಳ ಚಿಕ್ಕ ತರಗತಿಗಳಿಗೆ ರೇಡಿಯೊದಲ್ಲಿ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪಾಠ ಬರುತ್ತಿತ್ತು. ರೇಡಿಯೊ ಪ್ರಶ್ನೆ ಕೇಳಿ ಸುಮ್ಮನಾಗುತ್ತಿತ್ತು. ಆ ಕೆಲವೇ ಸೆಕೆಂಡುಗಳಲ್ಲಿ ಮಕ್ಕಳು ಒಕ್ಕೊರಲಿನಿಂದ ಉತ್ತರ ಹೇಳಬೇಕು, ಎದ್ದು ನಿಲ್ಲಬೇಕು, ವಸ್ತು ತೋರಿಸಬೇಕು. ಬಳಿಕ ರೇಡಿಯೊ ಸರಿಯುತ್ತರ ಹೇಳುತ್ತಿತ್ತು. ಯಂತ್ರಕ್ಕೆ ಕಿವಿಯಿಲ್ಲ, ಆದರೆ ಕೇಳಿಸಿಕೊಂಡವರಂತೆ ನಟಿಸಿ ಮಕ್ಕಳ ಬಾಯಿ ಬಿಡಿಸುವುದು ಪಾಠ ಬರೆದವರಿಗೆ ತಿಳಿದಿತ್ತು. ಕರ್ನಾಟಕದ ಶಾಲೆಗಳಿಗೆ ಬಂದ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಕೂಡ ರೇಡಿಯೊ ಪಾಠಗಳೇ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಡಿಶ್ ಮತ್ತು ಟೀವಿ ಬಂದವು. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದಾಗ ಇಂಥ ನೆರವು ಮಕ್ಕಳಿಗಿಂತ ಹೆಚ್ಚಾಗಿ ಬೇಕಿದ್ದದ್ದು, ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಮೇಷ್ಟ್ರುಗಳಿಗೆ. ಎಜುಸ್ಯಾಟ್ ಸೇವೆ 2010ಕ್ಕೆ ಮುಗಿಯಿತು.

ಯಂತ್ರಕ್ಕೆ ಕಿವಿ ಬಂದ ಕಾಲದ ಒಂದು ಪ್ರಯೋಗ ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಗೋಡೆಯಲ್ಲಿ ಕಂಪ್ಯೂಟರ್ ಕೂರಿಸಿ ಹೆಸರಾದ ಸುಗತ ಮಿತ್ರ ಮತ್ತು ಸಂಗಡಿಗರು ಬಡವರ ಬಡಾವಣೆಯ ಖಾಸಗಿ ಶಾಲೆಯೊಂದರ 16 ಮಕ್ಕಳಿಗೆ ಒಂದು ಕಂಪ್ಯೂಟರ್ ಕೊಟ್ಟರು. ಅದರಲ್ಲಿದ್ದದ್ದು ಹೇಳಿದ್ದನ್ನು ಟೈಪ್ ಮಾಡುವ ತಂತ್ರಾಂಶ, ಜೊತೆಗೆ ‘ಮೈ ಫೇರ್ ಲೇಡಿ’ಯಂಥ ಸಿನಿಮಾಗಳು. ಮಕ್ಕಳ ತೆಲುಗು, ಉರ್ದು ಛಾಯೆಯ ಇಂಗ್ಲಿಷಿಗೆ ಯಂತ್ರ ಮೊದಮೊದಲು ಏನೇನೋ ಟೈಪ್ ಮಾಡಿತು. ಅದಕ್ಕೆ ಅರ್ಥವಾಗುವ ಹಾಗೆ ಮಾತಾಡಿ ಎಂದಷ್ಟೇ ಹೇಳಿ ದೊಡ್ಡವರು ಹೊರಟುಹೋದರು. ನಾಲ್ಕು ನಾಲ್ಕು ಮಕ್ಕಳು ಕೂತು, ಒಬ್ಬರು ಹೇಳುವುದು, ಉಳಿದವರು ಪರದೆ ನೋಡಿ ನಗುವುದು, ತಿದ್ದುವುದು. ಕೆಲವು ತಿಂಗಳಲ್ಲಿ ಉಚ್ಚಾರಣೆ ಸುಧಾರಿಸಿತೆಂದು ತಂತ್ರಾಂಶವೂ ಹೇಳಿತು, ಕೇಳಿದ ಮನುಷ್ಯರೂ ಒಪ್ಪಿದರು. 16 ಮಕ್ಕಳಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು ನಿಜ. ಆದರೆ ಇಲ್ಲಿ ಕೆಲಸ ಮಾಡಿದ್ದು ತಂತ್ರಾಂಶದ ಕಿವಿಯಷ್ಟೇ ಅಲ್ಲ, ಪಕ್ಕದಲ್ಲಿ ಕೂತಿದ್ದ ಮೂರು ಜೊತೆ ಕಿವಿಗಳೂ ಹೌದು.

2010ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ದೇಗು ನಗರದ 21 ಪ್ರಾಥಮಿಕ ಶಾಲೆಗಳಿಗೆ 29 ರೋಬೋಟುಗಳು ಬಂದದ್ದು ಬೇರೆಯದೇ ಕಥೆ. ಎಂಗ್‌ಕಿ ಎಂದು ಹೆಸರು, ಮೊಟ್ಟೆಯಾಕಾರ, ಮೂರಡಿ ಚಿಲ್ಲರೆ ಎತ್ತರ. ಚಕ್ರದ ಮೇಲೆ ತರಗತಿಯೆಲ್ಲ ಓಡಾಡುತ್ತ ಅದು ಮಕ್ಕಳನ್ನು ಮಾತಾಡಿಸುತ್ತಿತ್ತು. ಅದರ ಪರದೆಯಲ್ಲಿ ಬಿಳಿ ಮಹಿಳೆಯೊಬ್ಬಳ ಮುಖ. ಮಾತಾಡುತ್ತಿದ್ದವರು ಮಾತ್ರ ದೂರದ ಫಿಲಿಪ್ಪೀನ್ಸ್‌ನಲ್ಲಿ ಕ್ಯಾಮೆರಾ ಮುಂದೆ ಕೂತ ಶಿಕ್ಷಕಿಯರು. ಅವರು ನಕ್ಕರೆ ಪರದೆಯ ಬಿಳಿ ಮುಖ ನಗುತ್ತಿತ್ತು. ಕೊರಿಯಾಕ್ಕೆ ಕರೆಸಿಕೊಳ್ಳುವ ಶಿಕ್ಷಕರಿಗಿಂತ ಇವರ ಸಂಬಳ ಕಡಿಮೆ. ಚೆನ್ನಾಗಿ ಕಲಿಸಬಲ್ಲ ಮನುಷ್ಯರು ಸಿಕ್ಕಿದ್ದರು, ಅವರ ಮುಖವನ್ನೇ ಮುಚ್ಚಿದರು. ಈ ಕ್ಷೇತ್ರದಲ್ಲಿ ಇಂಥ ವಿಪರ್ಯಾಸ ಇನ್ನೊಂದನ್ನು ನಾನು ಕಂಡಿಲ್ಲ.

ಈಗ ಕಿವಿ ಮೊಬೈಲಿಗೇ ಬಂದಿದೆ. ಗೂಗಲ್ 2019ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದ ‘ಬೋಲೋ’ ಆ್ಯಪ್‌ನಲ್ಲಿ ದಿಯಾ ಎಂಬ ಕಾರ್ಟೂನ್ ಹುಡುಗಿ ಮಗು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡು ತಡವರಿಸಿದಲ್ಲಿ ಹೇಳಿಕೊಡುತ್ತಿದ್ದಳು. ಇಂಟರ್ನೆಟ್ ಇಲ್ಲದೆಯೂ ಅದು ನಡೆಯುತ್ತಿತ್ತು. 2023ರಿಂದ ಡ್ಯುಯೋಲಿಂಗೋದಂಥ ಆ್ಯಪ್‌ಗಳಲ್ಲಿ ಕೃತಕ ಬುದ್ಧಿಮತ್ತೆಯ ಜೊತೆ ಹರಟೆಯನ್ನೇ ಹೊಡೆಯಬಹುದು. ಕೇಳುವ ಕಿವಿ ಯಾರದ್ದು ಎಂಬ ಪ್ರಶ್ನೆ ಹಾಗೇ ಇದೆ. ಇಂಗ್ಲಿಷಿನ ‘ವೆಸ್ಟ್’ ಎರಡು, ಪಶ್ಚಿಮ ಒಂದು, ಒಳ ಅಂಗಿ ಇನ್ನೊಂದು. ಕನ್ನಡದ ಬಾಯಲ್ಲಿ ಎರಡೂ ಒಂದೇ. ನಮಗೆ ನಮ್ಮೊಳಗೆ ಅದು ಎಂದೂ ಗೊಂದಲವಾಗಿಲ್ಲ. ಅಮೆರಿಕದ ದನಿಗಳಿಂದ ಪಳಗಿದ ಯಂತ್ರ ಅದನ್ನು ತಪ್ಪೆಂದು ಗುರುತು ಹಾಕಿದರೆ, ಮಂಡ್ಯದ ಹುಡುಗಿ ತಿದ್ದಿಕೊಳ್ಳಬೇಕಾದದ್ದು ಯಾರಿಗೋಸ್ಕರ?

ಅದಕ್ಕೂ ಮೊದಲು ಪರೀಕ್ಷೆಯ ಲೆಕ್ಕ ನೋಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ ಇರುವ 100 ಅಂಕಗಳಲ್ಲಿ 80 ಕಾಗದದ ಮೇಲೆ ಬರೆದದ್ದಕ್ಕೆ. ಉಳಿದ 20 ಶಾಲೆಯೇ ಹಾಕುವ ಆಂತರಿಕ ಅಂಕ. ಮಗು ಬಾಯಿಬಿಟ್ಟು ಆಡಿದ ಇಂಗ್ಲಿಷನ್ನು ಕೇಳಿಸಿಕೊಳ್ಳಲು ಮಂಡಳಿಯಿಂದ ಯಾರೂ ಬರುವುದಿಲ್ಲ. ಹಾಗಾಗಿ ಮಾರ್ಚ್ ಹತ್ತಿರ ಬಂದಂತೆ ಸ್ಮಾರ್ಟ್ ಕ್ಲಾಸಿನ ಕೋಣೆಗೆ ಬೀಗ ಹಾಕಿ, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಹಂಚುವ ಮೇಷ್ಟ್ರನ್ನು ಬೈಯುವುದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.