ನಾಲ್ಕನೆಯ ಆಯಾಮದ ಗಂಟುಗಳು

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅದೇ ಸಂಸ್ಥೆಯ ಬೆಂಗಳೂರಿನ ಗಣಿತ ವಿಭಾಗ ಕೈಯಿಟ್ಟಿರುವ ಒಂದು ಕ್ಷೇತ್ರದ ಕಥೆ ಈ ಶಿಕ್ಷಕರಿಗೂ ಮುಟ್ಟಬೇಕು. ನಾಲ್ಕು ಆಯಾಮದ ಮ್ಯಾನಿಫೋಲ್ಡ್‌ಗಳ, ಅಂದರೆ ಹತ್ತಿರದಿಂದ ನೋಡಿದರೆ ಮಾಮೂಲಿ ಜಾಗದಂತೆಯೇ ಕಾಣುವ ಆಕೃತಿಗಳ, ಒಳಗೆ ಮೇಲ್ಮೈಗಳನ್ನೂ ಘನಾಕೃತಿಗಳನ್ನೂ, ಅವು ತಮ್ಮನ್ನು ತಾವೇ ಛೇದಿಸದಂತೆ, ಕೂರಿಸುವ ಕಥೆ ಅದು.

ಮೊಳಕಾಲ್ಮೂರಿನ ಮಗ್ಗದ ರೇಷ್ಮೆ ಎಳೆಯೊಂದಕ್ಕೆ ಗಂಟು ಹಾಕಿ ಎರಡೂ ತುದಿ ಬೆಸೆದರೆ, ಕತ್ತರಿಸದ ಹೊರತು ಅದು ಬಿಚ್ಚದು. ನಾಲ್ಕನೆಯ ದಿಕ್ಕೊಂದು ಸಿಕ್ಕರೆ ಎಳೆ ಎಳೆಯನ್ನು ಮುಟ್ಟದೆ ಸರಿದು ದಾಟುತ್ತದೆ, ಗಂಟು ಸಡಿಲುತ್ತದೆ. ಆದರೆ ಅಲ್ಲಿ ಗೋಳದ ಮೇಲ್ಮೈಯೇ ಗಂಟಾಗಬಲ್ಲದು. ಎಮಿಲ್ ಆರ್ಟಿನ್ 1925ರಲ್ಲಿ ಗಂಟುಬಿದ್ದ ಎಳೆಯನ್ನು ಸಮತಲವೊಂದರ ಸುತ್ತ ತಿರುಗಿಸಿ ಅಂಥ ಗೋಳವನ್ನು ರಚಿಸಿದರು.

n ಆಯಾಮದ ಯಾವ ನಯವಾದ (ಮೊನೆ, ಮುರಿವಿಲ್ಲದ) ಮ್ಯಾನಿಫೋಲ್ಡ್ ಆದರೂ 2n ಆಯಾಮದ ಜಾಗದಲ್ಲಿ ಹಿಡಿಯುತ್ತದೆ ಎಂದು ಹ್ಯಾಸ್ಲರ್ ವಿಟ್ನಿ 1944ರಲ್ಲಿ ಸಾಧಿಸಿದರು. ನಮ್ಮ ಮೂರು ಆಯಾಮದಲ್ಲಿ ತನ್ನನ್ನೇ ಛೇದಿಸಿಕೊಳ್ಳುವ ಕ್ಲೈನ್ ಸೀಸೆಗೆ ನಾಲ್ಕರಲ್ಲಿ ಜಾಗವುಂಟು. ಎರಡು ಛೇದನಬಿಂದುಗಳ ನಡುವೆ ತಟ್ಟೆಯೊಂದನ್ನು ಹರಡಿ, ಅದರ ಮೇಲಿಂದ ಆಕೃತಿಯನ್ನು ಸರಿಸಿ ಎರಡನ್ನೂ ಅಳಿಸುವುದು ವಿಟ್ನಿಯ ಉಪಾಯ. ಐದು ಮತ್ತು ಅದಕ್ಕೂ ಹೆಚ್ಚಿನ ಆಯಾಮಗಳಲ್ಲಿ ತಟ್ಟೆ ತನ್ನನ್ನು ತಾನು ತಪ್ಪಿಸಿಕೊಳ್ಳುತ್ತದೆ. ನಾಲ್ಕರಲ್ಲಿ ಎರಡು ಆಯಾಮದ ತಟ್ಟೆ ತನ್ನನ್ನೇ ಬಿಂದುಗಳಲ್ಲಿ ಛೇದಿಸುತ್ತದೆ, ಎಷ್ಟು ಅಲುಗಿಸಿದರೂ ಆ ಬಿಂದುಗಳು ಹೋಗುವುದಿಲ್ಲ. ಈ ಕ್ಷೇತ್ರದ ಕಷ್ಟವೂ ಸೊಗಸೂ ಹುಟ್ಟುವುದು ಇಲ್ಲೇ.

1970ರ ದಶಕದಲ್ಲಿ ಆಂಡ್ರ್ಯೂ ಕ್ಯಾಸನ್ ತಟ್ಟೆಯ ಮೇಲೆ ತಟ್ಟೆಯಿಟ್ಟು ಕೊನೆಯಿಲ್ಲದ ಗೋಪುರ ಕಟ್ಟಿದರು. ನಯವನ್ನು ಬಿಟ್ಟು ನಿರಂತರತೆಯೊಂದನ್ನೇ ಕೇಳಿದರೆ ಆ ಗೋಪುರ ಸಾಕು ಎಂದು ಮೈಕೆಲ್ ಫ್ರೀಡ್‌ಮನ್ 1982ರಲ್ಲಿ ಪ್ರಕಟಿಸಿದರು. ಮರುವರ್ಷವೇ ಸೈಮನ್ ಡೊನಾಲ್ಡ್‌ಸನ್, ನಯವನ್ನು ಕೇಳಿದರೆ ಲೆಕ್ಕವೇ ಬೇರೆ ಎಂದು ತೋರಿಸಿದರು. 1986ರಲ್ಲಿ ಇಬ್ಬರಿಗೂ ಫೀಲ್ಡ್ಸ್ ಪದಕ ಬಂತು. ಪ್ವಾಂಕರೆ ಹೋಮಾಲಜಿ ಗೋಳವೆಂಬ ಮೂರು ಆಯಾಮದ ಆಕೃತಿಯಲ್ಲಿ ಈ ಸೀಳು ನಿಚ್ಚಳವಾಗಿದೆ. ಫ್ರೀಡ್‌ಮನ್ ದಾರಿಯಲ್ಲಿ ಅದು ನಾಲ್ಕು ಆಯಾಮದ ಜಾಗದೊಳಗೆ ಕೂರುತ್ತದೆ. ನಯವಾಗಿ ಕೂರದು ಎಂಬುದು ರೋಖ್ಲಿನ್‌ರ 1952ರ ಪ್ರಮೇಯದಿಂದಲೇ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಬೆರಗಿನ ಸಂಗತಿಯಿಲ್ಲ.

ಮುಂದಿನ ಪ್ರಶ್ನೆ: ನಯವಾಗಿ ಕೂರಲು ಮೇಲ್ಮೈಗೆ ಕನಿಷ್ಠ ಎಷ್ಟು ತೂತು ಬೇಕು? ಸಂಕೀರ್ಣ ಪ್ರಕ್ಷೇಪ ಸಮತಲವೆಂಬ ನಾಲ್ಕು ಆಯಾಮದ ಮ್ಯಾನಿಫೋಲ್ಡಿನಲ್ಲಿ d ಘಾತದ ಮೇಲ್ಮೈಗೆ (d−1)(d−2)/2 ತೂತು ಬೇಕೇಬೇಕೆಂದು ಕ್ರೋನ್‌ಹೈಮರ್ ಮತ್ತು ಮ್ರೋವ್ಕಾ 1994ರಲ್ಲಿ ಸಾಧಿಸಿದರು. ಗಂಟನ್ನು ಅಂಚಾಗಿಸಿಕೊಂಡು ನಾಲ್ಕು ಆಯಾಮದೊಳಗೆ ಹರಡುವ ಮೇಲ್ಮೈಗೂ ಇದೇ ಪ್ರಶ್ನೆ ಇದೆ. ಆ ಕನಿಷ್ಠ ಸಂಖ್ಯೆ ಗಂಟಿನ 4-ಜೀನಸ್. ಬೆಂಗಳೂರಿನ ಕೆಲಸ ಇಲ್ಲಿಯದು. ಸಿದ್ಧಾರ್ಥ ಗಾಡ್ಗೀಳ್ ಮತ್ತು ಧೀರಜ್ ಕುಲಕರ್ಣಿ, ಅಂಚುಳ್ಳ ಸಿಂಪ್ಲೆಕ್ಟಿಕ್ (ವಿಸ್ತೀರ್ಣ ಅಳೆಯುವ ವಿಶೇಷ ರಚನೆಯುಳ್ಳ) ಮ್ಯಾನಿಫೋಲ್ಡನ್ನು ಒಳಗಿನ ಮೇಲ್ಮೈ ಸಮೇತ ಅಂಚಿಲ್ಲದ ದೊಡ್ಡದರೊಳಗೆ ಮುಚ್ಚಿಹಾಕುವ ವಿಧಾನ ಕೊಟ್ಟು, ಅದರಿಂದ ಫೈಬರ್ಡ್ ಗಂಟುಗಳ (ತಮ್ಮನ್ನು ಅಂಚಾಗಿಸಿಕೊಂಡ ಮೇಲ್ಮೈಗಳ ಸಾಲು ಸುತ್ತಲಿನ ಜಾಗವನ್ನೆಲ್ಲ ತುಂಬುವಂಥವು) 4-ಜೀನಸ್ ಅನ್ನು ಪರಿಶೀಲಿಸಿದರು. ಗಣಿತಜ್ಞ ಕಾನ್‌ವೇ ಹೆಸರಿನ ಗಂಟೊಂದಕ್ಕೆ ತೂತಿಲ್ಲದ ನಯವಾದ ತಟ್ಟೆ ಸಿಗದೆಂದು ತೋರಿಸಿದ ಲೀಸಾ ಪಿಚಿರಿಲ್ಲೊ ಅವರ ಪ್ರಬಂಧ 2020ರಲ್ಲಿ ಬಂತು.

ಘನಾಕೃತಿಗಳ ಸರದಿ ಈಗ ಬಂದಿದೆ. ಒಂದೇ ಅಂಚಿನ ಎರಡು ಮೂರು-ಆಯಾಮದ ಚೆಂಡುಗಳು, ಅಂಚನ್ನು ಅಲುಗಿಸದೆ ಒಂದರಿಂದ ಇನ್ನೊಂದಕ್ಕೆ ಸರಿಯಲಾರದಂತೆ ನಾಲ್ಕು-ಆಯಾಮದ ಗೋಳದಲ್ಲಿ ಇರಬಲ್ಲವೆಂದು ಬಡ್ನಿ ಮತ್ತು ಗಬಾಯ್ 2019ರಲ್ಲಿ ತೋರಿಸಿದರು. ಆದರೆ ನಾಲ್ಕು ಆಯಾಮದಲ್ಲಿ ನಯವಾಗಿ ಕೂತ ಪ್ರತಿ ಮೂರು-ಆಯಾಮದ ಗೋಳವೂ ನಯವಾದ ಚೆಂಡನ್ನೇ ಸುತ್ತುವರಿಯುತ್ತದೆಯೇ ಎಂಬ ಶೋನ್‌ಫ್ಲೀಸ್ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಒಂದು ಆಯಾಮ ಕೆಳಗೆ ಅಲೆಕ್ಸಾಂಡರ್ ಅದನ್ನು 1924ರಲ್ಲೇ ಬಿಡಿಸಿದ್ದರು.